ಸಾಕುಹಾವಿಗೆ ಫ್ರೀಜರ್ ಇಲಿಯನ್ನು ಉಣಿಸುವ ಬಗೆ

ಅಮೆರಿಕ, ಬ್ರಿಟನ್‌ಗಳಲ್ಲಿ ಮನೆಯಲ್ಲಿ ಸಾಕುವ ಹಾವುಗಳಲ್ಲಿ ಕಾರ್ನ್ ಸ್ನೇಕ್ ಮತ್ತು ಬಾಲ್ ಪೈಥಾನ್ ಹೆಚ್ಚು ಜನಪ್ರಿಯ. ಇವುಗಳಿಗೆ ಜೀವಂತ ಇಲಿಯನ್ನು ಬಿಡುವುದಕ್ಕಿಂತ ಫ್ರೀಜರ್‌ನಲ್ಲಿಟ್ಟು ಮಾರುವ ಸತ್ತ ಇಲಿಯನ್ನು ಕೊಡುವುದೇ ಲೇಸು. ಪ್ರಾಣಭಯದಿಂದ ತಿರುಗಿಬಿದ್ದ ಇಲಿ ಕಚ್ಚಿ, ಹಾವೇ ಆಳವಾಗಿ ಗಾಯಗೊಳ್ಳುವುದುಂಟು. (ನಮ್ಮಲ್ಲಿ ನಾಗರಹಾವು, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.)

ಹಾವಿನ ಮೈ ಅತಿ ದಪ್ಪವಿರುವ ಕಡೆ ಎಷ್ಟು ಅಗಲವಿದೆಯೋ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇಲಿಯನ್ನು ಆರಿಸಿ, ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗದಲ್ಲಿ ಇಡಬೇಕು. ಅಡುಗೆಯ ಪದಾರ್ಥಗಳಿರುವ ಫ್ರಿಜ್ ಬೇಡ. ಬೇರೆ ಚಿಕ್ಕ ಫ್ರಿಜ್ ಇದ್ದರೆ ಒಳ್ಳೆಯದು. ಅವಸರಕ್ಕೆ ಮೈಕ್ರೋವೇವ್ ಬಳಸಲೇಬಾರದು, ಏಕೆಂದರೆ ಅದರಲ್ಲಿ ಇಲಿ ಒಂದೆಡೆ ಬೆಂದು ಇನ್ನೊಂದೆಡೆ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಒಡೆದೂ ಹೋಗುತ್ತದೆ.

ಮಂಜು ಪೂರ್ತಿ ಬಿಟ್ಟಿದೆಯೇ ಎಂಬುದನ್ನು ತಿಳಿಯಲು ಚೀಲದ ಮೇಲಿನಿಂದಲೇ ಇಲಿಯ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒಳಗೆ ಗಟ್ಟಿ ಗಂಟು ಸಿಕ್ಕರೆ ಇನ್ನೂ ಕಾಯಬೇಕು. ಒಳಗೆ ತಣ್ಣಗಿರುವ ಇಲಿಯನ್ನು ನುಂಗಿದ ಹಾವು ಅದನ್ನು ಕಕ್ಕಿಬಿಡಬಹುದು. ಆಮೇಲೆ ಚೀಲದ ಸಮೇತ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಮೈಯನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗೆ ತರಬೇಕು. ಕುದಿಯುವ ನೀರು ಬೇಡ. ಬಾಲ್ ಪೈಥಾನ್‌ನ ತುಟಿಯ ಅಂಚಿನಲ್ಲಿ ಶಾಖವನ್ನು ಗ್ರಹಿಸುವ ಕುಳಿಗಳಿರುವುದರಿಂದ ಅದು ತಣ್ಣಗಿನ ಇಲಿಯತ್ತ ಕಣ್ಣೆತ್ತಿಯೂ ನೋಡದಿರಬಹುದು. ಅಂಥ ಕುಳಿಗಳಿಲ್ಲದ ಕಾರ್ನ್ ಸ್ನೇಕ್ ವಾಸನೆಯನ್ನೇ ಹೆಚ್ಚು ನೆಚ್ಚಿಕೊಂಡಿರುತ್ತದೆ.

ಇಲಿಯನ್ನು ಒರೆಸಿ, ಉದ್ದನೆಯ ಇಕ್ಕಳದಿಂದ ಸೊಂಟದ ಬಳಿ ಹಿಡಿದು ತಲೆ ಹಾವಿನ ಕಡೆಗಿರುವಂತೆ ನಿಧಾನವಾಗಿ ಅಲುಗಾಡಿಸಿ. ಕೈಯಲ್ಲಿ ಹಿಡಿದು ಕೊಡುವುದು ಅಪಾಯಕರ. ಹಾವು ಹಿಡಿದುಕೊಂಡ ಕೂಡಲೇ ದೂರ ಸರಿದು, ಎರಡು ದಿನ ಅದನ್ನು ಎತ್ತಿ ಆಡಿಸದಿರಿ. ಪೊರೆ ಬಿಡುವ ಮುಂಚೆ ಕಣ್ಣು ಮಸುಕಾದಾಗ ಅದು ಉಣ್ಣದಿದ್ದರೆ ಗಾಬರಿಯಾಗಬೇಕಿಲ್ಲ. ಆರೋಗ್ಯವಾಗಿರುವ ಬಾಲ್ ಪೈಥಾನ್ ಕೆಲವು ವಾರ ಉಪವಾಸವಿರುವುದೂ ಸಹಜ. ಆದರೆ ತೂಕ ಇಳಿಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಬೇಡವೆಂದು ಬಿಟ್ಟ ಇಲಿಯನ್ನು ಮತ್ತೆ ಫ್ರೀಜರ್‌ಗೆ ಹಾಕದೆ ಬಿಸಾಡಿ.

ಫ್ರೀಜರ್‌ನ ಚಳಿಗೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಯುವುದಿಲ್ಲ ಎಂಬುದನ್ನು ಮರೆಯುವವರೇ ಹೆಚ್ಚು. ಫ್ರೀಜರ್ ಇಲಿಗಳಿಂದಲೇ ಮನುಷ್ಯರಿಗೆ ಸೋಂಕು ಹರಡಿದ ಪ್ರಕರಣಗಳು ಅಮೆರಿಕ, ಬ್ರಿಟನ್ ಎರಡರಲ್ಲೂ ವರದಿಯಾಗಿವೆ. ಆದ್ದರಿಂದ ಪಾತ್ರೆ, ಇಕ್ಕಳಗಳನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯದೆ ಬೇರೆಯೇ ಇಟ್ಟುಕೊಂಡು, ಕೆಲಸ ಮುಗಿದೊಡನೆ ಕೈಗಳನ್ನು ಸೋಪು ಹಚ್ಚಿ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳನ್ನು ಈ ಕೆಲಸದ ಹತ್ತಿರವೂ ಬಿಡಬಾರದು.