‘ಆನೆ ಹಿಡೀಬೇಕು’ ಎಂಬ ವಾದವನ್ನು ಬಿಡಿಸಿ ನೋಡುವುದು ಹೇಗೆ?

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಬೇಲೂರು ಕಡೆಯ ಯಾವ ಹೋಟೆಲಿನಲ್ಲಿ ಕೂತರೂ ಕಾಫಿ ಮುಗಿಯುವುದರೊಳಗೆ ಆನೆಯ ಮಾತು ಬಂದೇ ಬರುತ್ತದೆ. ‘ಗದ್ದೆಯೆಲ್ಲ ತುಳಿದು ಹಾಕ್ತಿವೆ, ಅಷ್ಟನ್ನೂ ಹಿಡಿದು ಸಾಗಿಸ್ಬೇಕು’ ಎಂದು ಒಬ್ಬರು. ‘ಕಾಡು ಕಡಿದು ತೋಟ ಮಾಡಿದ್ದು ಯಾರು ಸ್ವಾಮಿ?’ ಎಂದು ಇನ್ನೊಬ್ಬರು. ದನಿ ಏರುತ್ತದೆ, ಬಿಲ್ಲು ಕೊಟ್ಟು ಏಳುತ್ತಾರೆ, ವಾದ ಇದ್ದಲ್ಲೇ ಇರುತ್ತದೆ. ಇದನ್ನು ಬಿಡಿಸಿ ನೋಡಲು ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು, ಸಾಧಿಸಬೇಕಾದ ಮಾತು ಯಾವುದು, ಅದಕ್ಕೆ ಕೊಟ್ಟ ಕಾರಣ ಯಾವುದು ಎಂದು ಬೇರೆ ಬೇರೆ ಬರೆಯಿರಿ. ನಮ್ಮ ಹಳೆಯ ತರ್ಕಪದ್ಧತಿಯಾದ ನ್ಯಾಯಶಾಸ್ತ್ರದವರಿಗೆ ಇವು ಪ್ರತಿಜ್ಞೆ ಮತ್ತು ಹೇತು. ಉದಾಹರಣೆ, ಉಪನಯ (ಅದನ್ನು ಎದುರಿನ ಸಂಗತಿಗೆ ಹೊಂದಿಸುವುದು), ನಿಗಮನ (ತೀರ್ಮಾನ) ಸೇರಿದರೆ ಅನುಮಾನದ, ಎಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದರ, ಐದು ಅವಯವಗಳು. ‘ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಕಾಣುತ್ತಿದೆ’ ಎಂಬುದು ಅವರ ಹಳೆಯ ಮಾದರಿ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬುದಕ್ಕೆ ಅಡುಗೆಮನೆ ಸಾಕ್ಷಿ. ಚಿಕ್ಕಮಗಳೂರಿನವರಿಗೆ ಇದರ ತೊಡಕು ತಕ್ಷಣ ಹೊಳೆದೀತು: ಮುಳ್ಳಯ್ಯನಗಿರಿಯ ಮೇಲೆ ಕಂಡದ್ದು ಹೊಗೆಯೋ, ಮಂಜೋ? ಮಂಜಾದರೆ ಹೇತುವೇ ಬಿದ್ದುಹೋಯಿತು. ಈ ದೋಷಕ್ಕೆ ‘ಅಸಿದ್ಧ’ ಎಂದು ಹೆಸರು. ನಮ್ಮ ಆನೆ ವಾದದಲ್ಲಿ ಮಾತ್ರ ಹೇತು ಗಟ್ಟಿ. ಬೆಳಿಗ್ಗೆ ಗದ್ದೆಗೆ ಇಳಿದರೆ ಮಲಗಿದ ಭತ್ತದ ನಡುವೆ ಬೋಗುಣಿಯಷ್ಟಗಲದ ಹೆಜ್ಜೆಗುಂಡಿ, ಅದರಲ್ಲಿ ಕೆಸರುನೀರು.

ಎರಡನೆಯದು, ಹೇಳದೆ ಬಿಟ್ಟದ್ದನ್ನು ಹುಡುಕಿ ಬರೆಯುವುದು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಇದೊಂದನ್ನು ಮಾಡಿ ಉಳಿದದ್ದು ಬಿಟ್ಟರೂ ನಷ್ಟವಿಲ್ಲ. ‘ಬೆಳೆ ಹಾಳಾಗುತ್ತಿದೆ’ ಎಂಬುದು ಇರುವ ಸಂಗತಿ, ‘ಸಾಗಿಸಬೇಕು’ ಎಂಬುದು ಆಗಬೇಕಾದ್ದು. ‘ಇದೆ’ ಎನ್ನುತ್ತಿದ್ದವರು ಕಾರಣ ಕೊಡದೆ ‘ಬೇಕು’ ಎನ್ನತೊಡಗುವುದನ್ನು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಎತ್ತಿ ತೋರಿಸಿದ. ಇಲ್ಲಿ ನಡುವೆ ಎರಡು ವಾಕ್ಯಗಳು ಅಡಗಿ ಕೂತಿವೆ. ‘ಸಾಗಿಸಿದರೆ ಹಾವಳಿ ನಿಲ್ಲುತ್ತದೆ’ ಎಂಬುದು ಒಂದು. ಇದನ್ನು ಪರೀಕ್ಷಿಸಬಹುದು, ಹಿಂದೆ ಹಾಸನ ಜಿಲ್ಲೆಯಿಂದ ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಹಾವಳಿ ನಿಂತಿಲ್ಲ. ‘ನಮ್ಮ ಬದುಕಿಗಾಗಿ ಆನೆಯನ್ನು ಅದರ ನೆಲೆಯಿಂದ ಕಿತ್ತರೂ ತಪ್ಪಿಲ್ಲ’ ಎಂಬುದು ಇನ್ನೊಂದು. ಇದನ್ನು ಅಂಕಿಅಂಶವೊಂದೇ ಇತ್ಯರ್ಥ ಮಾಡದು. ಎದುರು ಪಕ್ಷದವರೂ ಸಾಚಾ ಅಲ್ಲ. ‘ತೋಟ ಮಾಡಿದ್ದು ಯಾರು?’ ಎಂಬುದನ್ನು ಬಿಡಿಸಿದರೆ, ಯಾರೋ ಎಂದೋ ಕಾಡು ಕಡಿದದ್ದಕ್ಕೆ ಇವತ್ತು ನಸುಕಿನಲ್ಲಿ ಕೆಲಸಕ್ಕೆ ನಡೆದುಹೋಗುವ ಕೂಲಿ ಹೆಂಗಸು ಬೆಲೆ ತೆರಬೇಕು ಎಂದಾಗುತ್ತದೆ. ಹೀಗೆ ಬರೆದು ತೋರಿಸಿದರೆ ಹೇಳಿದವರೇ ಹಿಂಜರಿಯುತ್ತಾರೆ.

ಮೂರನೆಯದು, ಉಳಿದ ನೀತಿಯ ವಾಕ್ಯವನ್ನು ಒಂದಕ್ಕಿಂತ ಹೆಚ್ಚು ಅಳತೆಗೋಲಿನಿಂದ ಅಳೆಯುವುದು. 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ, ಕಾಡಾನೆಯ ದಾಳಿಗೆ ಸಿಕ್ಕಿ ಸತ್ತಿತು. ಅದನ್ನು ಕಳಿಸಿದ್ದು ಸರಿಯೇ? ಕೆಲಸದ ಫಲ ನೋಡಿ ಸರಿ-ತಪ್ಪು ಹೇಳುವ ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಾಮ್ ಪ್ರಾಣಿಯ ನೋವನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ: ಅರ್ಜುನನ ಪ್ರಾಣ, ಕಾಡಾನೆಯ ಸಂಕಟ ಒಂದು ಕಡೆ, ಉಳಿಯಬಹುದಾದ ಮನುಷ್ಯ ಜೀವಗಳು ಇನ್ನೊಂದು ಕಡೆ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದು 1785ರಲ್ಲಿ ಬರೆದ ಜರ್ಮನ್ ತತ್ವಜ್ಞಾನಿ ಕಾಂಟ್ ಆ ಸ್ಥಾನವನ್ನು ಪ್ರಾಣಿಗಳಿಗೆ ಕೊಡಲಿಲ್ಲ. ಅವನ ಪ್ರಕಾರ ಹೊಣೆ ಇರುವುದು ಮಾವುತನ ಕಡೆಗೆ. ಆನೆಯ ಕಡೆಗೆ ನೇರ ಹೊಣೆಯಿಲ್ಲ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಿಮಗೆ ಒಪ್ಪಿಗೆಯಾದರೆ ಯಾಕೆ ಎಂದು ಹಾಳೆಯ ಮೇಲೆ ಒಂದು ಸಾಲು ಬರೆಯಿರಿ.

ನಡುವೆ ‘ಬೆಂಗಳೂರಲ್ಲಿ ಕೂತವನಿಗೆ ಏನು ಗೊತ್ತು’ ಎಂಬ ಮಾತು ಬಂದರೆ ಹೊಡೆದುಹಾಕಿ. ಅದು ವಾದಕ್ಕಲ್ಲ, ವಾದ ಮಾಡಿದವನಿಗೆ ಕೊಟ್ಟ ಏಟು. ‘ಒಂದೋ ಆನೆ, ಇಲ್ಲ ನಾವು’ ಎಂಬುದನ್ನೂ ಹೊಡೆಯಿರಿ. ರೇಡಿಯೊ ಕಾಲರ್, ಮೊಬೈಲಿಗೆ ಮುನ್ನೆಚ್ಚರಿಕೆ ಸಂದೇಶ, ಬೆಳೆ ಪರಿಹಾರ ಎಲ್ಲವೂ ನಡುವೆ ಇವೆ.

ಕೊನೆಗೆ, ಎದುರಿನವರ ವಾದವನ್ನು ನೀವೇ ಹೇಳಿ, ‘ನೀವು ಹೇಳಿದ್ದು ಇದೇ ತಾನೆ?’ ಎಂದು ಕೇಳಿ. ಶ್ರವಣಬೆಳಗೊಳ ಇದೇ ಹಾಸನ ಜಿಲ್ಲೆಯಲ್ಲಿದೆ. ಜೈನರ ಸ್ಯಾದ್ವಾದ ‘ಒಂದು ದೃಷ್ಟಿಯಿಂದ ಹೀಗೆ’ ಎಂದೇ ಮಾತು ತೆಗೆಯುತ್ತದೆ. ಎಲ್ಲರೂ ಸರಿ ಎಂದು ಕೈತೊಳೆದುಕೊಳ್ಳುವುದಲ್ಲ ಅದು. ಯಾವ ದೃಷ್ಟಿಯಿಂದ ಎಂದು ಹೇಳಲೇಬೇಕು. ಎದುರಿನವರು ಹೌದೆಂದರೆ ಹಾಳೆಯ ಮೇಲಿನ ಪ್ರತಿಜ್ಞೆಯನ್ನು ತಿದ್ದಿ ಬರೆಯಿರಿ: ‘ಜೀವ ತೆಗೆದ ಆನೆಯನ್ನಷ್ಟೇ, ಬೇರೆ ದಾರಿ ಕಾಣದಾಗ ಹಿಡಿಯಬೇಕು.’ ಆಮೇಲೆ ‘ಬೇರೆ ದಾರಿ’ ಎಂದರೆ ಯಾವುದು, ಅದರ ಖರ್ಚು ಯಾರ ತಲೆಗೆ ಎಂದು ಜಗಳ ಮುಂದುವರಿಸಬಹುದು.