16 ಪಿಕ್ಸೆಲ್‌ನಲ್ಲಿ ‘ಶಸ್ತ್ರ’ ಕೂರಿಸಿದ್ದು

ಹಳೇ ಗೇಮ್‌ಗಳ ಅಕ್ಷರಗಳು ಹೆಚ್ಚಾಗಿ 8×8 ಪಿಕ್ಸೆಲ್ ಚೌಕದೊಳಗೆ ಕೂರುತ್ತಿದ್ದವು. ನಿಂಟೆಂಡೊ ಕಂಪನಿಯ ಹಳೇ ಗೇಮ್ ಯಂತ್ರ ಎನ್‌ಇಎಸ್‌ನ ಪರದೆ 256×240 ಪಿಕ್ಸೆಲ್. 8×8 ಚೌಕದ ಲೆಕ್ಕದಲ್ಲಿ ಸಾಲಿಗೆ 32, ಒಟ್ಟು 30 ಸಾಲು. ಇಂಗ್ಲಿಷ್ ಅಕ್ಷರ 7 ಪಿಕ್ಸೆಲ್‌ನಲ್ಲೇ ಮುಗಿದು, ಉಳಿದ ಒಂದು ಪಕ್ಕದ ಅಕ್ಷರಕ್ಕೆ ತಾಗದಿರಲೆಂದು ಖಾಲಿ ಬೀಳುತ್ತಿತ್ತು. ನನ್ನ ಗೇಮ್‌ನ ಮೆನುವಿಗೂ ಅದೇ ಅಳತೆಯ ಕನ್ನಡ ಫಾಂಟ್ ಮಾಡೋಣ ಅಂತ ಕೂತೆ. ‘ಆಟ’ ಬಂತು. ‘ಜೀವ’ ಹೇಗೋ ಬಂತು. ಮೂರನೇ ಪದ ‘ಶಸ್ತ್ರ’. ಅಲ್ಲಿಗೆ 8×8ರ ಆಸೆ ಬಿಟ್ಟೆ.

ಎತ್ತರ 16 ಮಾಡಿಕೊಂಡೆ: ತಲಕಟ್ಟು, ಗುಡಿಸಿಗೆ 3 ಸಾಲು, ಅಕ್ಷರದ ಒಡಲಿಗೆ 8, ನಡುವೆ ಖಾಲಿ 1, ಒತ್ತಿಗೆ 4. ತ ಒತ್ತಿನ ಅಡಿಗೆ ರ ಒತ್ತನ್ನೂ ತುರುಕಲು ಜಾಗವಿಲ್ಲ. ಕೈಬರಹದಲ್ಲಿ ನಾವು ಅದನ್ನು ಬಲಕ್ಕೆ ಎಳೆದು ಬಿಡುತ್ತೀವಲ್ಲ, ಹಾಗೇ ಪಕ್ಕದಲ್ಲಿಟ್ಟೆ. ಅಕ್ಷರ ಅಗಲವಾಯಿತು, ಆಗಲಿ.

ನಿಜವಾಗಿ ಕಾಡಿದ್ದು ಠ. ರ ಒಳಗೊಂದು ಬೊಟ್ಟು, ಅಷ್ಟೇ ತಾನೆ? ಒಡಲು 8 ಸಾಲು, ಗೆರೆ 2 ಪಿಕ್ಸೆಲ್ ದಪ್ಪ. ಮೇಲೆ ಎರಡು, ಕೆಳಗೆ ಎರಡು ಕಳೆದರೆ ಒಳಗೆ 4. ನಾಲ್ಕಕ್ಕೆ ನಡು ಎಂಬುದೇ ಇಲ್ಲ. ಒಂಟಿ ಪಿಕ್ಸೆಲ್ ಎಲ್ಲಿಟ್ಟರೂ ಬೊಟ್ಟು ಜಾರಿದ ಹಾಗೆ ಕಾಣುತ್ತೆ. ಬೊಟ್ಟನ್ನು 2×2 ಮಾಡಿದರೆ ಒಳಗಿನ ಬಯಲೇ ತುಂಬಿಹೋಯಿತು. ಎರಡು ಸಂಜೆ ಇದರಲ್ಲೇ ಕಳೆದು, ಕೊನೆಗೆ ಒಡಲನ್ನೇ 7ಕ್ಕೆ ಇಳಿಸಿದೆ. ಒಳಗೆ 3, ನಟ್ಟನಡುವೆ ಬೊಟ್ಟು. ಉಳಿದ ಸಾಲು ಒತ್ತಿಗೆ ಸಿಕ್ಕಿತು. ಅದಕ್ಕಾಗಿ ಬರೆದಿಟ್ಟ ಅಕ್ಷರಗಳನ್ನೆಲ್ಲ ಮೊದಲಿನಿಂದ ಬರೆಯಬೇಕಾಯಿತು ಅನ್ನಿ. ಆಮೇಲೆ ದ, ಧ, ಥ. ಧಕ್ಕೆ ಕೆಳಗಿನ ಸೀಳು, ಥಕ್ಕೆ ಸೀಳಿನ ಜೊತೆ ಬೊಟ್ಟೂ. ಸೀಳು ಒಂದು ಪಿಕ್ಸೆಲ್ ಕಮ್ಮಿಯಾದರೂ ಧ ಮತ್ತೆ ದ ಆಗಿಬಿಡುತ್ತೆ.

ಫಾಂಟ್ ಫೈಲ್‌ನಲ್ಲಿ ಎಮ್ ಅಳತೆ, ಅಂದರೆ ನನ್ನ 16 ಪಿಕ್ಸೆಲ್ ಎತ್ತರ, 1024 ಯೂನಿಟ್; ಪಿಕ್ಸೆಲ್ಲಿಗೆ 64. ಪಿಕ್ಸೆಲ್ ಚೌಕಗಳನ್ನು ಬಿಡಿಬಿಡಿಯಾಗಿ ಬಿಟ್ಟಿದ್ದಕ್ಕೆ ನಡುನಡುವೆ ಕೂದಲೆಳೆಯಂಥ ಗೆರೆ ಕಂಡವು. ಬೆಸೆದು ಒಂದೇ ಆಕಾರ ಮಾಡಿದ ಮೇಲೆ ಹೋದವು. ಅಂಕಿಗಳು ಮಾತ್ರ ಒಂದೇ ಅಗಲ, ಇಲ್ಲದಿದ್ದರೆ ಸ್ಕೋರ್ ಏರುವಾಗ ಇಡೀ ಸಾಲು ನಡುಗುತ್ತೆ.

ಗೇಮ್‌ಗೆ ಹಾಕಿದರೆ ‘ಶಸ್ತ್ರ’ ಹೋಗಿ ‘ಶಸ್‌ತ್‌ರ’. ಒತ್ತುಗಳೆಲ್ಲ ಫಾಂಟ್‌ನಲ್ಲಿವೆ, ಅವನ್ನು ಕೂಡಿಸುವ ನಿಯಮವೂ ಬರೆದಿದ್ದೇನೆ. ಆದರೆ ಗೇಮ್ ಓಡಿಸುವ ಎಂಜಿನ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಿತ್ತೇ ಹೊರತು ನಿಯಮ ಓದುತ್ತಲೇ ಇರಲಿಲ್ಲ. ಆ ನಿಯಮ ಓದಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಸೇರಿಸಿದ ಮೇಲೆ ಕೂಡಿಕೊಂಡವು. ಅಂಚು ಮಸುಕಾಗದಿರಲೆಂದು ಆಂಟಿ-ಅಲಿಯಾಸಿಂಗ್ ಆಫ್, ಟೆಕ್ಸ್ಚರ್ ಫಿಲ್ಟರ್ ನಿಯರೆಸ್ಟ್. ಸೈಜ್ 16ರ ಮಗ್ಗಿಯಲ್ಲೇ: 16, 32, 48 ಮಾತ್ರ. 20 ಹಾಕಿದರೆ ಕೆಲವು ಗೆರೆ ದಪ್ಪ, ಕೆಲವು ತೆಳು.

ಎಲ್ಲ ಮುಗಿಸಿ ಗೆಳೆಯನಿಗೆ ತೋರಿಸಿದೆ. “ಅಲ್ಲ ಕಣೋ, ‘ಆಯುಧ’ ಅಂತ ಹಾಕಿದ್ರೆ ಒತ್ತಿನ ರಗಳೆಯೇ ಇರ್ತಿರ್ಲಿಲ್ವಲ್ಲ?” ಅಂದ.

ಅದರಲ್ಲಿ ಧ ಇದೆ ಅಂದೆ.