ಆರ್ಚರಿ ಕಾಂಪಿಟಿಷನ್‌ಗೆ ಎರಡು ಟೈಮರ್ ಬೋರ್ಡ್ ಒಂದೇ ನೆಟ್‌ವರ್ಕ್‌ನಾಗ ಕೂಡಿಸೋದು ಹ್ಯಾಂಗ

ನಮ್ಮ ಕಲಬುರಗಿ ಕಡೆ ಆರ್ಚರಿ ಕಾಂಪಿಟಿಷನ್ ಇಡೋರು ಟಾರ್ಗೆಟ್‌ಗೆ, ಶಾಮಿಯಾನಕ್ಕ ರೊಕ್ಕ ಹೊಂದಿಸ್ತಾರ, ಟೈಮ್ ಮಾತ್ರ ಮೊಬೈಲ್ ಸ್ಟಾಪ್‌ವಾಚ್ ನೋಡಿ ಸೀಟಿ ಊದೋದ್ರಾಗೇ ನಡೀತದ. ಬಿಲ್ಲು ಎಳದು ನಿಂತ ಹುಡುಗಗ ಎಷ್ಟು ಸೆಕೆಂಡ್ ಉಳದಾವ ಅಂತ ಗೊತ್ತಿರಲೇಬೇಕ್ರಿ, ಅದು ಅವನ ಹಕ್ಕು.

ಬೋರ್ಡ್ ಎರಡು ಬೇಕು, ಮೈದಾನದ ಎರಡೂ ಬಾಜು ಒಂದೊಂದು, ಯಾಕಂದ್ರ ಬಲಗೈಯವರು ಒಂದು ಕಡೆ ಮುಖ ಮಾಡಿ ನಿಂತ್ರ ಎಡಗೈಯವರು ಇನ್ನೊಂದು ಕಡೆ ನಿಲ್ತಾರ. ಅಂಕಿ ಕಮ್ಮಿ ಅಂದ್ರೂ 20 ಸೆಂ.ಮೀ. ಎತ್ತರ ಇರಬೇಕು, 100 ಮೀಟರ್‌ದಿಂದ ಓದಾಕ ಬರಬೇಕು ಅಂತ ಆರ್ಚರಿಯ ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ರೂಲ್ ಅದ. ಟಿವಿ ಇಂಡೋರ್‌ನಾಗ ನಡೀತದ, ನಮ್ಮ ಏಪ್ರಿಲ್ ಬಿಸಿಲಾಗ ಏನೂ ಕಾಣಲ್ಲ. ಅಂಗಡಿ ಮುಂದ ಕೆಂಪು ಅಕ್ಷರ ಓಡ್ತಾವಲ್ಲ, ಆ ಪಿ10 ಎಲ್ಇಡಿ ಮಾಡ್ಯೂಲ್ ತಗೋರಿ, ಔಟ್‌ಡೋರ್‌ದೇ ಕೇಳ್ರಿ. ಒಂದು ಮಾಡ್ಯೂಲ್ 32 ಸೆಂ.ಮೀ. ಅಗಲ, 16 ಸೆಂ.ಮೀ. ಎತ್ತರ, ಅಂದ್ರ ಒಂದೇ ಸಾಲು ರೂಲಿಗೆ ಸಾಲಲ್ಲ, ಎರಡು ಸಾಲು ಮಾಡಿ ಬೋರ್ಡಿಗೆ ನಾಕು ಹಚ್ಚಿದ್ರ ಮೂರು ಅಂಕಿ ಆರಾಮ ಕುಂದರ್ತಾವ. ಕೆಂಪು, ಹಳದಿ, ಹಸಿರು ಲೈಟ್ ಬ್ಯಾರೇ ಹಚ್ರಿ, ಕೆಂಪು ಮ್ಯಾಲ.

ಈಗ ಮುಖ್ಯ ಮಾತು. ಗಡಿಯಾರ ಒಂದೇ ಕಡೆ, ಲ್ಯಾಪ್‌ಟಾಪ್‌ನಾಗ ಇರಬೇಕು, ಬೋರ್ಡ್ ಬರೇ ತೋರಿಸಬೇಕು. ಎರಡೂ ಬೋರ್ಡ್ ತಾವೇ ಎಣಿಸಾಕ ಬಿಟ್ರ ಒಂದು ಮುಂದ ಒಂದು ಹಿಂದ ಆಗ್ತದ, ಆಮ್ಯಾಲ ಜಗಳ ತಪ್ಪಲ್ಲ. ಬೋರ್ಡಿಗೊಂದು ಇಎಸ್‌ಪಿ32 (ವೈಫೈ ಇರೋ ಸಣ್ಣ ಕಂಟ್ರೋಲರ್ ಚಿಪ್), ಎರಡಕ್ಕೂ ಫಿಕ್ಸ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ), ನಡುವ ಒಂದು ಸಾದಾ ರೂಟರ್, ಇಂಟರ್ನೆಟ್ ಬ್ಯಾಡೇಬ್ಯಾಡ. ಲ್ಯಾಪ್‌ಟಾಪ್ ಸೆಕೆಂಡಿಗೆ ಹತ್ತು ಸಲ ಯುಡಿಪಿ ಬ್ರಾಡ್‌ಕಾಸ್ಟ್‌ನಾಗ (ಎಲ್ಲಾ ಬೋರ್ಡಿಗೂ ಒಂದೇ ಸಲಕ್ಕ ಹೋಗೋ ಸಣ್ಣ ಸಂದೇಶ, ಅಂದ್ರ ಪ್ಯಾಕೆಟ್) ಉಳಿದ ಟೈಮು, ಲೈಟಿನ ಬಣ್ಣ ಕಳಿಸ್ತಿರಲಿ, ಒಂದು ಪ್ಯಾಕೆಟ್ ತಪ್ಪಿದ್ರ ಮುಂದಿಂದು ಸರಿ ಮಾಡ್ತದ. ಎರಡು ಸೆಕೆಂಡ್ ಏನೂ ಬರ್ಲಿಲ್ಲಂದ್ರ ಬೋರ್ಡ್ ಗೆರೆ ತೋರಿಸಲಿ, ತಪ್ಪು ಟೈಮ್ ಮಾತ್ರ ತೋರಿಸಬಾರದು. ಮಂದಿ ಮೊಬೈಲ್ ಜಾಸ್ತಿ ಇದ್ದಲ್ಲಿ ವೈಫೈ ನಂಬಬ್ಯಾಡ್ರಿ, ಇಎಸ್‌ಪಿ32ಗೆ ನೆಟ್‌ವರ್ಕ್ ಕೇಬಲ್ ಕೂಡಿಸೋ ಡಬ್ಲ್ಯೂ5500 ಇಥರ್ನೆಟ್ ಮಾಡ್ಯೂಲ್ ಹಾಕಿ ಕೇಬಲ್ ಎಳೀರಿ, 100 ಮೀಟರ್ ತನಕ ನಡೀತದ.

ಕ್ರಮ ಹಿಂಗ: ಎರಡು ಹಾರ್ನ್, ಕೆಂಪು ಲೈಟು, ಲೈನಿಗೆ ಬರಾಕ 10 ಸೆಕೆಂಡ್. ಒಂದು ಹಾರ್ನ್ ಆದ್ರ ಹಸಿರು. ಕೊನೇ 30 ಸೆಕೆಂಡ್ ಹಳದಿ. ಮೂರು ಹಾರ್ನ್ ಅಂದ್ರ ಸ್ಕೋರ್ ಬರಿಯಾಕ ಹೋಗೋದು. ಐದು ಹಾರ್ನ್ ಅಂದ್ರ ಎಮರ್ಜೆನ್ಸಿ, ಎಲ್ಲಾರೂ ನಿಲ್ಲಿಸಬೇಕು, ಅದಕ್ಕ ಕೀಬೋರ್ಡ್ ಬ್ಯಾಡ, ಕೈಗೆ ಸಿಗೋ ದೊಡ್ಡ ಕೆಂಪು ಬಟನ್ನೇ ಇಡ್ರಿ. ಎಂಡ್ ಟೈಮ್‌ನ (ಒಂದು ಸರದಿ ಬಾಣ ಹೊಡ್ಯಾಕ ಕೊಡೋ ಟೈಮ್) ಕೋಡ್‌ನಾಗ ಫಿಕ್ಸ್ ಮಾಡಬ್ಯಾಡ್ರಿ, ರೂಲ್ ಬದಲಾಗ್ತಿರ್ತದ, ಒಬ್ಬ ಗಂಡು, ಒಬ್ಬ ಹೆಣ್ಣು ಕೂಡಿದ ಮಿಕ್ಸ್ಡ್ ಟೀಮಿಗೆ 80 ಸೆಕೆಂಡ್, ಒಬ್ರಾದ ಮ್ಯಾಲ ಒಬ್ರು ಹೊಡ್ಯೋ ಮ್ಯಾಚ್‌ನಾಗ ಬಾಣಕ್ಕ 20 ಸೆಕೆಂಡ್. ಆ ಮ್ಯಾಚ್‌ನಾಗ ಎರಡೂ ಬೋರ್ಡ್ ಬ್ಯಾರೆ ಬ್ಯಾರೆ ಟೈಮ್ ತೋರಿಸಬೇಕು, ಅದಕ್ಕ ಬೋರ್ಡಿಗೆ ಎಡ, ಬಲ ಅಂತ ಮೊದಲೇ ಹೆಸರು ಕೊಟ್ಟಿರ್ರಿ.

ಯುಪಿಎಸ್ ಲ್ಯಾಪ್‌ಟಾಪಿಗೆ ಅಷ್ಟೇ ಅಲ್ಲ, ರೂಟರ್‌ಗೂ ಬೋರ್ಡಿಗೂ ಬೇಕು. ಲ್ಯಾಪ್‌ಟಾಪ್ ಸ್ಲೀಪ್ ಮೋಡ್ ಬಂದ್ ಮಾಡ್ರಿ. ಹಿಂದಿನ ದಿನ ಮಧ್ಯಾಹ್ನ, ಬಿಸಿಲು ಬೋರ್ಡಿನ ಮ್ಯಾಲ ಬಿದ್ದಾಗ, ಎರಡೂ ಬೋರ್ಡ್ ಒಂದೇ ಫ್ರೇಮಿನಾಗ ಬರಂಗ ನಿಂತು ಸ್ಲೋ ಮೋಷನ್ ವಿಡಿಯೋ ತಗೀರಿ, ಅಂಕಿ ಕೂಡೇ ಬದಲಾದ್ರ ಸೆಟಪ್ ರೆಡಿ.